ಹಸಿದವರ ಮುಂದೆ ಕೂತ ಚಿತ್ರಗಾರ

ಚಿತ್ರಕಲೆಯ ಮಾತು ಬಂದಾಗಲೆಲ್ಲ ನಮ್ಮ ವಿದ್ವಾಂಸರು 'ಕಲಾವಿದನ ಕಣ್ಣು' ಅನ್ನೋ ಮಾತನ್ನ ದೇವರ ಪೆಟ್ಟಿಗೆ ಬಿಚ್ಚಿದ ಹಾಗೆ ಮೆಲ್ಲಗೆ ಬಿಚ್ಚಿ ಎದುರಿಗಿಡ್ತಾರೆ. ಆ ಕಣ್ಣಿಗೆ ಜಾತಿ ಇಲ್ಲವಂತೆ. ಹೊಟ್ಟೆ ಇಲ್ಲವಂತೆ. ಅದು ನಿಂತು ನೋಡೋದಕ್ಕೆ ಊರೂ ಬೇಡ, ಕೇರಿಯೂ ಬೇಡವಂತೆ. ಬೆಳಕು, ನೆರಳು, ಗೆರೆ, ಬಣ್ಣ ಇಷ್ಟೇ ಅದರ ಲೋಕ. ಅದರೊಳಕ್ಕೆ ಉದ್ದೇಶ ಅನ್ನೋದು ಒಂದು ಚೂರು ಬಿದ್ದರೂ ಕಣ್ಣಿಗೆ ಕಸ ಬಿದ್ದಂತೆ, ಕಲೆ ಕೆಟ್ಟು ಪ್ರಚಾರವಾಗಿಬಿಡುತ್ತೆ ಅಂತ ಹೆದರಿಸ್ತಾರೆ. ಇದಕ್ಕೆ ಉತ್ತರ ಕೊಡೋ ಆವೇಶದಲ್ಲಿ ನಮ್ಮ ಬಳಗದ ಕೆಲವು ಗೆಳೆಯರು ಇನ್ನೊಂದು ತುದಿಗೆ ಹೋಗಿ, ಆಶಯ ನೆಟ್ಟಗಿದ್ದರೆ ಸಾಕು, ಕೈ ಹೇಗೆ ಹರಿದರೂ ನಡೆಯುತ್ತೆ ಅಂತಾರೆ. ನಮಗೆ ಈ ಎರಡೂ ಮಾತು ಒಂದೇ ತಾಯಿಯ ಮಕ್ಕಳ ಹಾಗೆ ಕಾಣ್ತವೆ. ಎರಡರಲ್ಲೂ ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ. ಚಿತ್ರಗಾರನ ಎದುರಿಗೆ ಕೂತಿರೋನು, ಇಲ್ಲವೇ ಕೂರಲಿಕ್ಕೂ ತ್ರಾಣವಿಲ್ಲದೆ ಬಿದ್ದಿರೋನು. ಅವನನ್ನ ಲೆಕ್ಕಕ್ಕೆ ತಗೊಂಡರೆ ನೋಟ, ಆಶಯ, ಅಭಿವ್ಯಕ್ತಿ ಅನ್ನೋ ದೊಡ್ಡ ದೊಡ್ಡ ಮಾತುಗಳು ಏನಾಗ್ತವೆ ಅನ್ನೋದು ನಮ್ಮ ಪ್ರಶ್ನೆ.

ಈ ಪ್ರಶ್ನೆಯನ್ನ ಗಾಳಿಯಲ್ಲಿ ಕೇಳಿ ಪ್ರಯೋಜನವಿಲ್ಲ. ಅದಕ್ಕೊಂದು ಜಾಗ, ಒಂದು ಕಾಲ ಬೇಕು. 1943ರ ಬಂಗಾಳದ ಕ್ಷಾಮವನ್ನ ತಗೊಳ್ಳೋಣ. ಆ ಒಂದು ಕ್ಷಾಮವನ್ನ ಹತ್ತಿರದಿಂದ ನೋಡಿ ಚಿತ್ರಿಸಿದವರಲ್ಲಿ ಮೂವರು ನಮಗೆ ಮುಖ್ಯ: ಚಿತ್ತಪ್ರಸಾದ್, ಜೈನುಲ್ ಅಬೇದಿನ್, ಸೋಮನಾಥ ಹೋರ್. ಮೂರನೆಯವರು ಮೊದಲಿಬ್ಬರಿಂದಲೂ ಕಲಿತವರು. ಮೂವರೂ ನೋಡಿದ್ದು ಒಂದೇ ಹಸಿವು. ತೋರಿಸಿದ್ದು ಮಾತ್ರ ಮೂರು ಥರ.

ಕ್ಷಾಮ ಅಂದ ಕೂಡಲೇ ನಮ್ಮ ಜನ ಮುಗಿಲು ನೋಡ್ತಾರೆ. ಬಂಗಾಳದಲ್ಲಿ ಮುಗಿಲಿನ ತಪ್ಪಿಗಿಂತ ಮನುಷ್ಯರ ತಪ್ಪು ಹೆಚ್ಚು. 1942ರಲ್ಲಿ ಜಪಾನೀಯರು ಬರ್ಮಾ ಹಿಡಿದರು, ಅಲ್ಲಿಂದ ಬರ್ತಿದ್ದ ಅಕ್ಕಿ ನಿಂತಿತು. ಶತ್ರುವಿನ ಕೈಗೆ ಸಿಗಬಾರದು ಅಂತ ಬ್ರಿಟಿಷ್ ಸರ್ಕಾರ ಕರಾವಳಿ ಜಿಲ್ಲೆಗಳಲ್ಲಿ ಬಡವರ ದೋಣಿಗಳನ್ನ ಕಿತ್ಕೊಂಡಿತು, ಅಕ್ಕಿಯನ್ನೂ ಎತ್ತಿಸಿತು. ದೋಣಿ ಹೋದ ಮೇಲೆ ಬೆಸ್ತನ ಬದುಕು ಎಲ್ಲಿ ಉಳೀತು? ಅದೇ ಅಕ್ಟೋಬರ್ 16ರಂದು ಮಿಡ್ನಾಪುರ ಜಿಲ್ಲೆಗೆ ಚಂಡಮಾರುತ ಬಡಿಯಿತು. ಯುದ್ಧದ ದುಡ್ಡು ಹರಿದು ಬೆಲೆ ಏರಿತು, ದಾಸ್ತಾನು ಮಾಡಿದವರು ಉಗ್ರಾಣದ ಬಾಗಿಲು ಹಾಕ್ಕೊಂಡರು. ಹಳ್ಳಿಯ ಜನ ಕಲ್ಕತ್ತಾದ ಬೀದಿಗೆ ಬಂದು ಅನ್ನ ಕೇಳಲಿಲ್ಲ, ಬಸಿದು ಚೆಲ್ಲೋ ಗಂಜಿ ತಿಳಿ ಕೇಳಿದರು. ಸರ್ಕಾರ ಕೊನೆಯವರೆಗೂ ಇದನ್ನ ಕ್ಷಾಮ ಅಂತ ಘೋಷಿಸಲೇ ಇಲ್ಲ. 1945ರ ವಿಚಾರಣಾ ಆಯೋಗ ಸತ್ತವರು 15 ಲಕ್ಷ ಅಂದಿತು. ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ 30 ಲಕ್ಷದ ಹತ್ತಿರ ಲೆಕ್ಕ ಹಾಕಿದರು. ಹೆಚ್ಚು ಪೆಟ್ಟು ತಿಂದವರು ಭೂಮಿಯಿಲ್ಲದ ಕೂಲಿಗಳು, ಮೀನು ಹಿಡಿಯೋರು, ಭತ್ತ ಕುಟ್ಟೋರು, ಸರಕು ಸಾಗಿಸೋರು ಅನ್ನೋದು ಅವರ ಲೆಕ್ಕದಲ್ಲೇ ಇದೆ. ಇವರು ಯಾವ ಜನ, ಯಾವ ಕೇರಿಯವರು ಅನ್ನೋದನ್ನ ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರಗಾರರ ಹತ್ತಿರ ಹೋಗೋ ಮುಂಚೆ, ನಮ್ಮ ಕಡೆಗೇ ಸಂಬಂಧಪಟ್ಟ ಒಂದು ನೋಟವನ್ನ ನೆನೆಸಬೇಕು. 1876ರಿಂದ 78ರವರೆಗೆ ಮೈಸೂರು, ಮದರಾಸು ಸೀಮೆಗಳನ್ನ ನುಂಗಿದ ಧಾತು–ಈಶ್ವರ ಸಂವತ್ಸರದ ಬರ ನಮ್ಮ ಹಳಬರ ಬಾಯಲ್ಲಿ ಬಹಳ ಕಾಲ ಇತ್ತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಮೈಸೂರು ಸಂಸ್ಥಾನದ ಜನಸಂಖ್ಯೆ ಎಂಟು ಲಕ್ಷಕ್ಕೂ ಮಿಕ್ಕಿ ಇಳಿದಿತ್ತು. ಆ ಬರ ಹೇಗಿತ್ತು ಅಂತ ಇವತ್ತು ಪುಸ್ತಕ ಬರೆಯೋರೆಲ್ಲ ಅಚ್ಚು ಹಾಕೋದು ಹೂಪರ್ ಅನ್ನೋ ಬ್ರಿಟಿಷ್ ಸೈನ್ಯಾಧಿಕಾರಿ ಮದರಾಸಿನ ಕಡೆ ತೆಗೆದ ಫೋಟೋಗಳನ್ನ. ಪಕ್ಕೆಲುಬು ಎಣಿಸಬಹುದಾದ ಗಂಡಸರು, ಹೆಂಗಸರು, ಮಕ್ಕಳನ್ನ ಗುಂಪು ಮಾಡಿ, ಮುಂದೆ ಕೂರೋರನ್ನ ಮುಂದೆ, ಹಿಂದೆ ನಿಲ್ಲೋರನ್ನ ಹಿಂದೆ ಇಟ್ಟು, ಮದುವೆಮನೆಯ ಫೋಟೋ ಹಾಗೆ ಜೋಡಿಸಿ ತೆಗೆದವು ಅವು. ಬೆಳಕು ಸರಿಯಾಗಿದೆ, ಜೋಡಣೆ ಸರಿಯಾಗಿದೆ. ಇದೇ ಮನುಷ್ಯ 1886ರಲ್ಲಿ ಬರ್ಮಾದ ಮ್ಯಾಂಡಲೆಯಲ್ಲಿ ಗುಂಡಿಕ್ಕಿ ಕೊಲ್ಲೋ ಶಿಕ್ಷೆ ನಡೆಯುವಾಗ ಆ ಕ್ಷಣವನ್ನೇ ಹಿಡಿಯಲಿಕ್ಕೆ ಕ್ಯಾಮೆರಾ ಹೂಡಿ ನಿಂತಿದ್ದ. ಅದರ ಮೇಲೆ ಗಲಾಟೆಯಾಗಿ ವಿಚಾರಣೆಯೂ ನಡೆಯಿತು. ಜಾತಿ ಇಲ್ಲದ, ಹೊಟ್ಟೆ ಇಲ್ಲದ, ಉದ್ದೇಶ ಇಲ್ಲದ ಕಣ್ಣು ಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗಬೇಕು! ಆ ಕಣ್ಣಿಗೆ ಎದುರಿನವನು ಸಾಯೋದೂ ಒಂದು ಬೆಳಕಿನ ಸಮಸ್ಯೆ.

ಇನ್ನು ಚಿತ್ತಪ್ರಸಾದ್. 1915ರಲ್ಲಿ ಹುಟ್ಟಿ 1978ರಲ್ಲಿ ತೀರಿಕೊಂಡವರು. ಕಲಾಶಾಲೆಯ ಪಾಠವಿಲ್ಲದೆ ಸ್ವಂತವಾಗಿ ಕಲಿತವರು. ಹುಟ್ಟಿನಿಂದ ಭಟ್ಟಾಚಾರ್ಯ, ಜಾತಿ ಹೇಳೋ ಆ ಬಾಲವನ್ನ ಕತ್ತರಿಸಿ ಬರೀ ಚಿತ್ತಪ್ರಸಾದ್ ಆಗಿ ಉಳಿದರು. ಹೆಸರಿನ ಬಾಲ ಕತ್ತರಿಸಿದರೆ ಕಣ್ಣಿನ ಬಾಲವೂ ಹೋಗುತ್ತಾ ಅಂತ ನಾವು ಅನುಮಾನ ಪಡೋದು ಸಹಜ. ಅಂಥ ಕತ್ತರಿ ಕೆಲಸ ಮಾಡಿ ಒಳಗೊಳಗೇ ಜನಿವಾರ ಉಳಿಸಿಕೊಂಡವರನ್ನ ನಾವು ಬೇಕಾದಷ್ಟು ಕಂಡಿದ್ದೇವೆ. ಆದರೆ ಅನುಮಾನವನ್ನ ಮನುಷ್ಯನ ಮೇಲಲ್ಲ, ಚಿತ್ರದ ಮೇಲೆ ಹಚ್ಚಿ ನೋಡಬೇಕು.

1943ರ ನವೆಂಬರಿನಲ್ಲಿ ಅವರು ಮಿಡ್ನಾಪುರ ಜಿಲ್ಲೆಯ ಹಳ್ಳಿಗಳನ್ನ ಸುತ್ತಿದರು. ಕೈಯಲ್ಲಿ ಮಸಿ, ಲೇಖನಿ, ಕುಂಚ. ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗಳಿಗೆ ಚಿತ್ರ, ವರದಿ ಕಳಿಸೋದು ಅವರ ಕೆಲಸ. ಸುತ್ತಿದ್ದನ್ನೆಲ್ಲ ಚಿತ್ರಗಳ ಜೊತೆ ಬರೆದು 'ಹಂಗ್ರಿ ಬೆಂಗಾಲ್' ಅನ್ನೋ ಸಣ್ಣ ಪುಸ್ತಕ ಮಾಡಿದರು. ಅವರ ಕ್ಷಾಮದ ಚಿತ್ರಗಳಲ್ಲಿ ನಮ್ಮನ್ನ ಹಿಡಿದು ನಿಲ್ಲಿಸೋದು ಮೂಳೆ ಚಕ್ಕಳ ಅಲ್ಲ. ಎಷ್ಟೋ ಚಿತ್ರಗಳ ಅಂಚಿನಲ್ಲಿ ಅವರದೇ ಕೈಬರಹದಲ್ಲಿ ಚಿತ್ರದಲ್ಲಿರೋರ ಹೆಸರು, ಊರು, ಕಸುಬು, ಮನೆಯಲ್ಲಿ ಯಾರು ಯಾರು ಸತ್ತರು, ಏನೇನು ಮಾರಿಕೊಂಡರು ಅನ್ನೋ ವಿವರ ಇದೆ. ಗೆರೆ ಎಳೀತಾ ಕೂತವನು ಹೆಸರು ಕೇಳಿದ್ದಾನೆ. ಹೆಸರು ಕೇಳಬೇಕಾದರೆ ಹತ್ತಿರ ಹೋಗಬೇಕು, ಕೂರಬೇಕು, ಎದುರಿನವನು ಬಾಯಿಬಿಡೋವರೆಗೂ ಕಾಯಬೇಕು. ಇದು ಬರೀ ಕಣ್ಣಿನಿಂದ ಆಗೋ ಕೆಲಸ ಅಲ್ಲ, ಕಿವಿಯೂ ಬೇಕು.

ಹೆಸರು ಅಂದರೆ ಏನು ಅಂತ ನಮಗೆ ಗೊತ್ತು. ಸಾಹುಕಾರನ ಲೆಕ್ಕದ ಪುಸ್ತಕದಲ್ಲಿ ನಮ್ಮ ಅಜ್ಜಂದಿರಿಗೆ ಹೆಸರಿರಲಿಲ್ಲ, ಇದ್ದರೂ ಅರ್ಧ ಕತ್ತರಿಸಿದ ಹೆಸರು. 'ಅವನು ಇಂಥವರ ಆಳು' ಅಂದರೆ ಮುಗೀತು. ಶಾಲೆಯ ದಾಖಲೆಯಲ್ಲಿ ಮೇಷ್ಟರು ತಮಗೆ ತೋಚಿದ್ದನ್ನ ಬರಕೊಂಡರು. ಹೀಗಿರೋವಾಗ ಮೂವತ್ತು ಲಕ್ಷ ಹೆಣಗಳ ರಾಶಿಯಿಂದ ಒಬ್ಬೊಬ್ಬರನ್ನ ಹೆಸರು ಹಿಡಿದು ಆಚೆಗೆ ತರೋದು ಸಣ್ಣ ಕೆಲಸ ಅಲ್ಲ. ನಮ್ಮ ಕಲಾವಿಮರ್ಶಕರು ಆ ಬರಹವನ್ನ ಚಿತ್ರದ ಹೊರಗಿನ ಸಂಗತಿ, ಪತ್ರಿಕೆಯವರ ಟಿಪ್ಪಣಿ ಅಂತ ತಳ್ಳಿಹಾಕ್ತಾರೆ. ನಮಗೆ ಆ ಅಕ್ಷರಗಳೂ ಚಿತ್ರದ ಗೆರೆಗಳೇ. ಗಮನವಿಟ್ಟು ನೋಡಿದರೆ ಮಡಚಿದ ಮೊಣಕಾಲಿನ ಗೆರೆಯೂ ಹೆಸರು ಬರೆದ ಗೆರೆಯೂ ಒಂದೇ ಅವಸರದಲ್ಲಿ, ಒಂದೇ ಕೈಯಿಂದ ಹುಟ್ಟಿವೆ.

ಹಾಗಂತ ಅವರನ್ನ ಹೆಗಲ ಮೇಲೆ ಹೊತ್ತು ಮೆರೆಸೋದೂ ನಮ್ಮಿಂದ ಆಗೋಲ್ಲ. ಅವರ ಪಕ್ಷ ಆಗ ಬ್ರಿಟಿಷರ ಯುದ್ಧಕ್ಕೆ ಬೆಂಬಲ ಕೊಟ್ಟ ಪಕ್ಷ. ಕ್ಷಾಮದ ಪಾಪವನ್ನ ದಾಸ್ತಾನುದಾರನ ತಲೆಗೆ ಕಟ್ಟಿದಷ್ಟು ಜೋರಾಗಿ ಯುದ್ಧದ ಸರ್ಕಾರದ ತಲೆಗೆ ಕಟ್ಟೋದು ಅದಕ್ಕೆ ಕಷ್ಟವಿತ್ತು. ಕಣ್ಣು ಪಕ್ಷದ್ದಾದಾಗ ಕೆಲವು ದಿಕ್ಕಿಗೆ ಕತ್ತು ತಿರುಗೋದಿಲ್ಲ. ಇದಕ್ಕಿಂತ ನಮ್ಮನ್ನ ಕಾಡೋ ಸಂಗತಿ ಇನ್ನೊಂದಿದೆ. ಅವರ ಹೋರಾಟದ ಪೋಸ್ಟರುಗಳನ್ನ ನೋಡಿ. ಅಲ್ಲಿ ರೈತ, ಕಾರ್ಮಿಕ ರಟ್ಟೆ ಉಬ್ಬಿಸಿ, ಮುಷ್ಟಿ ಎತ್ತಿ ನಿಂತಿದ್ದಾರೆ. ಅವರಿಗೆ ಹೆಸರಿಲ್ಲ, ಊರಿಲ್ಲ. ಹಸಿದು ಬಿದ್ದವನಿಗೆ ಹೆಸರಿತ್ತು, ಎದ್ದು ನಿಂತವನು ಹೆಸರು ಕಳಕೊಂಡ. ಇದು ಚಿತ್ತಪ್ರಸಾದರೊಬ್ಬರ ತೊಡಕಲ್ಲ. ನಮ್ಮ ಹೋರಾಟದ ಕವಿತೆಗಳಲ್ಲೂ ನೋವಿನ ಪದ್ಯದಲ್ಲಿ ಅವ್ವ ಇರ್ತಾಳೆ, ಅವ್ವನ ಹರಿದ ಸೀರೆ ಇರುತ್ತೆ. ಕ್ರಾಂತಿಯ ಪದ್ಯಕ್ಕೆ ಬರೋ ಹೊತ್ತಿಗೆ ಬರೀ ಸೂರ್ಯ, ಬೆಂಕಿ, ಕೆಂಪು. ಅವ್ವ ಎಲ್ಲಿಗೆ ಹೋದಳು ಅಂತ ಯಾರೂ ಕೇಳೋದಿಲ್ಲ.

ಜೈನುಲ್ ಅಬೇದಿನ್ 1914ರಲ್ಲಿ ಮೈಮನ್‌ಸಿಂಗ್ ಕಡೆ ಹುಟ್ಟಿದ ಮುಸ್ಲಿಂ ಹುಡುಗ. 1943ರಲ್ಲಿ ಕಲ್ಕತ್ತಾದ ಸರ್ಕಾರಿ ಕಲಾಶಾಲೆಯಲ್ಲಿ ಮೇಷ್ಟರು. ಇವರಿಗೆ ಹಳ್ಳಿ ಸುತ್ತೋ ಪಕ್ಷದ ಕೆಲಸ ಇರಲಿಲ್ಲ. ಹಳ್ಳಿಯೇ ಕಲ್ಕತ್ತಾದ ಬೀದಿಗೆ ಬಂದು ಬಿದ್ದಿತ್ತು. ಇದ್ದಿಲಿನಿಂದ ತಾವೇ ಮಾಡಿಕೊಂಡ ಮಸಿ, ಸಾಮಾನು ಕಟ್ಟೋ ಅಗ್ಗದ ಕಾಗದ, ನೀರು ಕಡಿಮೆ ಮಾಡಿದ ಒಣ ಕುಂಚ. ಈ ಮೂರರಿಂದ ಅವರ ಕ್ಷಾಮದ ಚಿತ್ರಗಳಾದವು. ಒಳ್ಳೆಯ ಕಾಗದ, ಒಳ್ಳೆಯ ಬಣ್ಣ ಆ ಹೊತ್ತಿನಲ್ಲಿ ದುಬಾರಿ ಅನ್ನೋದು ನಿಜ. ಆದರೆ ದುಬಾರಿಯ ಮಾತು ಅಲ್ಲಿಗೇ ನಿಲ್ಲೋದಿಲ್ಲ. ಒಣ ಕುಂಚ ಒರಟು ಕಾಗದದ ಮೇಲೆ ಎಳೆದಾಗ ಗೆರೆ ತುಂಬೋದಿಲ್ಲ, ನಡುನಡುವೆ ತುಂಡಾಗುತ್ತೆ, ಸವೆಯುತ್ತೆ. ಬಿದ್ದ ಮೈಗೂ ಆ ಗೆರೆಗೂ ಅಂತರವೇ ಇಲ್ಲ. ಹಿಂದೆ ಮನೆ ಇಲ್ಲ, ಮರ ಇಲ್ಲ. ತಾಯಿ ಮಲಗಿದ್ದಾಳೆ, ಮಗು ಅವಳ ಮೈಮೇಲೆ ತಡಕಾಡ್ತಿದೆ. ಕಸದ ತೊಟ್ಟಿಯ ಸುತ್ತ ಮನುಷ್ಯರು, ನಾಯಿ, ಕಾಗೆ ಒಂದೇ ಪಂಕ್ತಿ. ಇಡೀ ಚಿತ್ರದಲ್ಲಿ ಕಾಗೆಗೆ ಮಾತ್ರ ತುಂಬಿದ ಕಪ್ಪು ಸಿಕ್ಕಿದೆ. ಹೊಟ್ಟೆ ತುಂಬಿದ್ದೂ ಅದಕ್ಕೇ ತಾನೆ!

ಇಲ್ಲಿ ಆಶಯ ಎಲ್ಲಿದೆ ಅಂತ ಕೇಳಿದರೆ ಕಾಗದದಲ್ಲಿದೆ, ಮಸಿಯಲ್ಲಿದೆ ಅಂತ ನಾವು ಬೆರಳಿಟ್ಟು ತೋರಿಸ್ತೇವೆ. ಕಲಾವಿದ ಬಾಯಿಬಿಟ್ಟು ಏನನ್ನೂ ಸಾರಬೇಕಾಗಿಲ್ಲ. ಹಸಿವನ್ನ ಎಣ್ಣೆಬಣ್ಣದಲ್ಲಿ ಮಿರಮಿರ ಮಿಂಚಿಸಿ ಚಿನ್ನದ ಚೌಕಟ್ಟು ಹಾಕಿದ್ದರೆ, ಕೆಳಗೆ ಎಷ್ಟು ಕ್ರಾಂತಿಕಾರಿ ಮಾತು ಬರೆದರೂ ಅದು ಸುಳ್ಳಾಗುತ್ತಿತ್ತು. ಕೈ ಹೇಗೆ ಹರಿದರೂ ನಡೆಯುತ್ತೆ ಅನ್ನೋ ನಮ್ಮ ಗೆಳೆಯರು ಈ ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ಕೂರೋದು ಒಳ್ಳೇದು.

ಆದರೂ ಜೈನುಲರ ಜನಕ್ಕೆ ಹೆಸರಿಲ್ಲ. ತಾಯಿ, ಮಗು, ಮುದುಕ ಅಷ್ಟೆ. ಹೆಸರಿಲ್ಲದ್ದರಿಂದಲೇ ಅವು ಎಲ್ಲ ಕ್ಷಾಮಗಳ ಚಿತ್ರವಾದವು ಅಂತ ಹೊಗಳೋರಿದ್ದಾರೆ. ಎಲ್ಲ ಕ್ಷಾಮಗಳ ಚಿತ್ರ ಆಗೋದರಲ್ಲಿ ಈ ಕ್ಷಾಮ ಮಾಡಿದವನು ಸುಲಭವಾಗಿ ತಪ್ಪಿಸಿಕೊಳ್ತಾನೆ ಅನ್ನೋದು ನಮ್ಮ ತಕರಾರು. ತಾಯಿ ಮಗು ಅಂದರೆ ಸಾಕು, ಕನಿಕರ ಉಕ್ಕುತ್ತೆ; ಕನಿಕರ ಉಕ್ಕಿದವನು ದೋಣಿ ಕಿತ್ಕೊಂಡವರು ಯಾರು ಅಂತ ಕೇಳೋದಿಲ್ಲ. ದೇಶ ಒಡೆದ ಮೇಲೆ ಜೈನುಲ್ ಢಾಕಾಕ್ಕೆ ಹೋಗಿ 1948ರಲ್ಲಿ ಅಲ್ಲಿ ಕಲಾಶಾಲೆ ಕಟ್ಟಿದರು. 1970ರಲ್ಲಿ 'ನಬಾನ್ನ' ಅಂತ 65 ಅಡಿ ಉದ್ದದ ಸುರುಳಿ ಚಿತ್ರ ಬರೆದರು. ಆ ಮಾತಿನ ಅರ್ಥ ಹೊಸ ಅನ್ನ, ಸುಗ್ಗಿಯ ಹಬ್ಬದ ಹೆಸರು. ಒಂದು ಹೆಣದ ಮೇಲೆ ನಿಲ್ಲದೆ ಊರಿನ ಬದುಕಿನ ಜೊತೆ ನಡೀತಾ ಹೋಗೋ ನೋಟ ಅದು. ಕ್ಷಾಮದ ಬಿಡಿ ಹಾಳೆಗಳಲ್ಲಿ ಹೇಳಲಾಗದ್ದನ್ನ ಹೇಳಲಿಕ್ಕೆ ಅಷ್ಟು ಉದ್ದದ ಕಾಗದ ಬೇಕಾಯಿತೇನೋ ಅಂತ ನಮಗೆ ಅನ್ನಿಸುತ್ತೆ.

ಸೋಮನಾಥ ಹೋರ್ ಹುಟ್ಟಿದ್ದು 1921ರಲ್ಲಿ, ಚಿತ್ತಗಾಂಗ್ ಜಿಲ್ಲೆಯಲ್ಲಿ. ಕ್ಷಾಮದ ಹೊತ್ತಿಗೆ ಇಪ್ಪತ್ತೆರಡರ ಹುಡುಗ. ಹಸಿದವರ ಎದುರಿಗೆ ಕೂತು ಗೆರೆ ಎಳೆಯೋದನ್ನ ಅವರಿಗೆ ಹೇಳಿಕೊಟ್ಟವರು ಚಿತ್ತಪ್ರಸಾದ್. ಆಮೇಲೆ ಕಲ್ಕತ್ತಾದ ಕಲಾಶಾಲೆಗೆ ಸೇರಿದಾಗ ಅಲ್ಲಿ ಮೇಷ್ಟರಾಗಿದ್ದವರು ಜೈನುಲ್. 1946ರ ಕೊನೆಗೆ ಪಕ್ಷ ಅವರನ್ನ ರಂಗಪುರ ಜಿಲ್ಲೆಗೆ ಕಳಿಸಿತು. ಗೇಣಿ ಮಾಡೋರು ಬೆಳೆಯಲ್ಲಿ ಅರ್ಧ ಸಾಲದು, ಮೂರರಲ್ಲಿ ಎರಡು ಪಾಲು ನಮಗೆ ಸೇರಬೇಕು ಅಂತ ಎದ್ದ ತೇಭಾಗಾ ಹೋರಾಟದ ಕಾಲ ಅದು. ಅಲ್ಲಿ ದಿನಚರಿ ಬರೆದರು, ಚಿತ್ರವನ್ನೂ ಬರೆದರು. ಭತ್ತ ಹೊತ್ತು ತಮ್ಮ ಅಂಗಳಕ್ಕೆ ತರ್ತಿರೋ ರೈತರು, ರಾತ್ರಿ ಸಭೆ ಸೇರಿದವರು. ಕ್ಷಾಮದಲ್ಲಿ ಬಿದ್ದಿದ್ದ ಜನ ಮೂರು ವರ್ಷದಲ್ಲಿ ಎದ್ದು ಕೂತು ಮಾತಾಡ್ತಿದ್ದರು. ಅವರ ನಡುವೆ ಕೂತವನ ನೋಟ ಆ ದಿನಚರಿಯಲ್ಲಿದೆ.

ಇಷ್ಟಾಗಿದ್ದರೆ ಹೋರ್ ಚಿತ್ತಪ್ರಸಾದರ ದಾರಿಯಲ್ಲೇ ನಡೆದ ತಮ್ಮನಾಗಿ ಉಳೀತಿದ್ದರು. ಆದರೆ 1970ರ ದಶಕದ ಮೊದಲಲ್ಲಿ ಅವರು 'ಗಾಯಗಳು' ಅನ್ನೋ ಮಾಲೆ ಮಾಡಿದರು. ಅದರಲ್ಲಿ ಮನುಷ್ಯನೇ ಇಲ್ಲ. ಮಸಿಯೂ ಇಲ್ಲ. ಮೇಣದ ಇಲ್ಲವೇ ಜೇಡಿಮಣ್ಣಿನ ಹಾಳೆಯನ್ನ ಚಾಕುವಿನಿಂದ ಸೀಳಿ, ತಿವಿದು, ಬಿಸಿ ಮುಟ್ಟಿಸಿ, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಆ ಅಚ್ಚಿಗೆ ಕಾಗದದ ತಿರುಳನ್ನ ಒತ್ತಿ ಒಣಗಿಸಿದರು. ಬಿಳಿ ಹಾಳೆಯಲ್ಲಿ ಬಿಳಿಯದೇ ಒಂದು ಸೀಳು, ಒಂದು ಹೊಪ್ಪಳೆ, ಒಂದು ಉಬ್ಬಿದ ಅಂಚು. ಸುತ್ತ ಎಲ್ಲಿ ನೋಡಿದರೂ ಗಾಯವೇ ಕಾಣ್ತಿತ್ತು, ಮರದ ಮೈಯಲ್ಲೂ, ಲಾರಿ ಚಕ್ರ ಕೊರೆದ ರಸ್ತೆಯಲ್ಲೂ. ಕೊನೆಗೆ ವಸ್ತು ಅಳಿಸಿಹೋಗಿ ಗಾಯ ಮಾತ್ರ ಉಳೀತು ಅನ್ನೋ ಅರ್ಥದಲ್ಲಿ ಅವರೇ ಇದರ ಬಗ್ಗೆ ಹೇಳಿಕೊಂಡಿದ್ದಾರೆ. ಆ ಹೊತ್ತಿನ ಬಂಗಾಳವನ್ನ ನೆನೆದರೆ ಮಾತು ಅರ್ಥ ಆಗುತ್ತೆ: ನಕ್ಸಲ್ ಹುಡುಗರ ಕೊಲೆಗಳು, 1971ರಲ್ಲಿ ಗಡಿಯಾಚೆಯಿಂದ ಬಂದ ನಿರಾಶ್ರಿತರು.

ಇಲ್ಲೇ ಎರಡು ಕಡೆಯವರೂ ಎದ್ದು ನಿಲ್ತಾರೆ. ಶುದ್ಧ ಕಲೆಯವರು, ನೋಡಿ, ಹೋರ್ ಪ್ರಚಾರ ಬಿಟ್ಟ ಮೇಲೆ ಕಲಾವಿದರಾದರು ಅಂತಾರೆ. ನಮ್ಮವರು, ಹೋರ್ ಹೋರಾಟ ಬಿಟ್ಟ ಮೇಲೆ ಬಿಳಿ ಕಾಗದಕ್ಕೆ ಬಿದ್ದರು ಅಂತಾರೆ. ಇಬ್ಬರೂ ಆ ಬಿಳಿ ಹಾಳೆಯನ್ನ ಮುಟ್ಟಿ ನೋಡಿದ ಹಾಗಿಲ್ಲ. ಚಿತ್ತಪ್ರಸಾದ್ ಗಾಯದ ಚಿತ್ರ ಬರೆದರು. ಹೋರ್ ಗಾಯವನ್ನ ಮಾಡಿದರು. ಚಾಕು ಹಿಡಿದ ಕೈ ಚಿತ್ರಗಾರನದೇ. ಅಂದರೆ ನೋಡೋನು ಇಲ್ಲಿ ಪಕ್ಕಕ್ಕೆ ನಿಂತು ಮರುಗೋ ಹಾಗಿಲ್ಲ. ಗಾಯ ಮಾಡಿದ ಕೈಯ ಜಾಗದಲ್ಲಿ ಅವನು ನಿಲ್ಲಬೇಕಾಗುತ್ತೆ. ನಮ್ಮ ನಾಡಿನ ಮೇಲ್ಜಾತಿಯ ಓದುಗ ಹೊಲೆಯರ ನೋವಿನ ಕಥೆ ಓದಿ ಕಣ್ಣೀರು ಹಾಕಿ, ಪುಸ್ತಕ ಮುಚ್ಚಿ, ಹಿತ್ತಿಲ ಬಾಗಿಲಲ್ಲಿ ನಿಂತವನಿಗೆ ಎತ್ತಿ ನೀರು ಹೊಯ್ದದ್ದನ್ನ ಕಂಡ ನಮಗೆ ಈ ಜಾಗದ ಪ್ರಶ್ನೆ ಸಣ್ಣದಲ್ಲ.

ಇನ್ನೊಂದು ಸಂಗತಿ. ಹೆಸರಿನ ಪರವಾಗಿ ಇಷ್ಟು ಮಾತಾಡಿದೆವಲ್ಲ, ಅದರ ಇನ್ನೊಂದು ಮುಖವನ್ನೂ ನೋಡಬೇಕು. ಚಿತ್ತಪ್ರಸಾದರ ಚಿತ್ರದ ಕೆಳಗೆ ಇರೋ ಹೆಸರು ನಮ್ಮ ತಂದೆಯದಾಗಿದ್ದರೆ? ಅಪ್ಪ ಮದುವೆಯಲ್ಲಿ ಕುಣಿದಿದ್ದ, ಹಲಗೆ ಬಡಿದಿದ್ದ, ಹೊಲದ ಬದುವಿನಲ್ಲಿ ಕೂತು ಕಥೆ ಹೇಳಿದ್ದ. ಅದು ಯಾವುದೂ ಉಳೀಲಿಲ್ಲ. ಉಳಿದದ್ದು ಅವನ ಹೆಸರು, ಅವನ ಪಕ್ಕೆಲುಬು. ಲೋಕ ಅವನನ್ನ ಎಂದೆಂದಿಗೂ ಹಸಿದವನಾಗಿಯೇ ನೋಡುತ್ತೆ. ನಮ್ಮನ್ನ ನೋಡೋರೆಲ್ಲ ನಮ್ಮ ಗಾಯವನ್ನ ಮಾತ್ರ ನೋಡೋದು ನಮಗೆ ಬೇಸರವಾಗಿದೆ ಅಂತ ನಾವೇ ಎಷ್ಟು ಸಲ ಹೇಳಿಲ್ಲ? ಹೋರ್ ಆ ಮನುಷ್ಯನನ್ನ ನೋಟದಿಂದ ಬಿಡಿಸಿ ಮನೆಗೆ ಕಳಿಸಿದ್ದಾರೆ. ಗಾಯ ಮಾತ್ರ ಇಲ್ಲಿ ಉಳಿದಿದೆ, ಗಾಯಗೊಂಡವನ ಮಾನ ಅವನ ಹತ್ತಿರವೇ ಇದೆ.

ಆದರೆ ಈ ಬಿಳಿಗೂ ಬೆಲೆ ತೆರಬೇಕು. ಹೆಸರಿಲ್ಲದ ಬಿಳಿ ಗಾಯವನ್ನ ಯಾರು ಬೇಕಾದರೂ ತಮ್ಮ ಗೋಡೆಗೆ ಹಾಕ್ಕೋಬಹುದು. ಗೇಣಿದಾರರ ಮೇಲೆ ಗುಂಡು ಹಾರಿಸಿದ ಜಮೀನ್ದಾರನ ಮೊಮ್ಮಗನೂ ಹಾಕ್ಕೋಬಹುದು, ಬಿಳಿ ಗೋಡೆಗೆ ಬಿಳಿ ಚಿತ್ರ ಚೆನ್ನಾಗಿ ಒಪ್ಪುತ್ತೆ. ಚಿತ್ತಪ್ರಸಾದರ ಹೆಸರು ಬರೆದ ಹಾಳೆಯನ್ನ ಊಟದ ಕೋಣೆಯಲ್ಲಿ ಹಾಕ್ಕೊಂಡು ಅನ್ನ ಕಲಸೋಕೆ ಸ್ವಲ್ಪ ಗಟ್ಟಿ ಎದೆ ಬೇಕು. ಈ ಎರಡರಲ್ಲಿ ಒಂದನ್ನ ಆರಿಸು ಅಂತ ಯಾರಾದರೂ ಗಂಟಲ ಮೇಲೆ ಕೈಯಿಟ್ಟರೆ ನಾವು ಹೆಸರಿನ ಕಡೆಗೇ ಹೋಗ್ತೇವೆ. ಆದರೆ ಹೋರ್ ಎತ್ತಿದ ಪ್ರಶ್ನೆಯನ್ನ ಜೊತೆಗೆ ಕಟ್ಟಿಕೊಂಡೇ ಹೋಗ್ತೇವೆ.

ಮೂವರ ಬಗ್ಗೆ ಇಷ್ಟು ಹೇಳಿದ ಮೇಲೂ ಒಂದು ಮುಳ್ಳು ಒಳಗೇ ಉಳಿಯುತ್ತೆ. ಈ ಮೂವರಲ್ಲಿ ಯಾರೂ ಆ ಬೀದಿಯಲ್ಲಿ ಬಿದ್ದವರ ಮನೆಯವರಲ್ಲ. ಬಿದ್ದವರ ಕೈಯಲ್ಲಿ ಕುಂಚವೇ ಇರಲಿಲ್ಲವೇ? ಇತ್ತು. ಚಿತ್ತಪ್ರಸಾದ್ ಸುತ್ತಿದ ಮಿಡ್ನಾಪುರ ಜಿಲ್ಲೆಯಲ್ಲೇ ಪಟುವಾ ಅನ್ನೋ ಚಿತ್ರಗಾರ ಜನ ಇದ್ದಾರೆ, ಅಲ್ಲಿನ ನಯಾ ಊರಿನಲ್ಲಿ ಇವತ್ತಿಗೂ ಈ ಕಸುಬು ನಡೆದಿದೆ. ಉದ್ದನೆಯ ಸುರುಳಿಯಲ್ಲಿ ಚಿತ್ರ ಬರೆದು, ಊರೂರು ಸುತ್ತಿ, ಸುರುಳಿ ಬಿಚ್ಚುತ್ತಾ ಒಂದೊಂದು ಚೌಕಕ್ಕೂ ಬೆರಳಿಟ್ಟು ಹಾಡಿ, ಅಕ್ಕಿ ಕಾಸು ಪಡೆಯೋರು. ಹಿಂದೂ ದೇವರ ಕಥೆ ಹಾಡ್ತಾರೆ, ನಮಾಜು ಮಾಡ್ತಾರೆ, ಎಷ್ಟೋ ಜನರಿಗೆ ಎರಡು ಧರ್ಮದ ಎರಡು ಹೆಸರು. ಎರಡೂ ಕಡೆಯವರು ಅವರನ್ನ ಹೊರಗೇ ನಿಲ್ಲಿಸಿದ್ದಾರೆ. ಅವರ ನೋಟದ ರೀತಿ ಬೇರೆ. ಅಲ್ಲಿ ಚಿತ್ರ ಗೋಡೆ ಮೇಲೆ ಮೂಗನ ಹಾಗೆ ನೇತಾಡೋದಿಲ್ಲ. ಬರೆದವನು ಪಕ್ಕದಲ್ಲೇ ನಿಂತು ಬಾಯಿಬಿಟ್ಟು ಹೇಳ್ತಾನೆ, ನೋಡೋರು ನಡುವೆ ಬಾಯಿ ಹಾಕ್ತಾರೆ. ನಮ್ಮ ಕಡೆಯ ತೊಗಲುಗೊಂಬೆ ಆಟ ಕಂಡವರಿಗೆ ಇದು ಹೊಸದಲ್ಲ, ಅಲ್ಲೂ ಚಿತ್ರಕ್ಕೂ ಬಾಯಿಗೂ ನಡುವೆ ಗೋಡೆ ಇಲ್ಲ. ಕಲ್ಕತ್ತಾದ ಜಾಮಿನಿ ರಾಯ್ ಈ ಪಟಗಳ ಗೆರೆ, ಬಣ್ಣ ತಗೊಂಡು ದೊಡ್ಡ ಹೆಸರು ಮಾಡಿದರು. ಹಾಡನ್ನ ತಗೊಳ್ಳಲಿಲ್ಲ, ಅದು ಕ್ಯಾನ್ವಾಸಿಗೆ ಅಂಟೋ ವಸ್ತುವಲ್ಲ. ಪಟುವಾಗಳಿಗೆ ಕುಶಲಕರ್ಮಿ ಅನ್ನೋ ಪಟ್ಟ, ಅವರಿಂದ ಕಲಿತವರಿಗೆ ಕಲಾವಿದ ಅನ್ನೋ ಪಟ್ಟ! ನೋಟದ ಬಗ್ಗೆ ಯೋಚನೆ ಮಾಡೋ ಹಕ್ಕು ಯಾರದು ಅನ್ನೋದು ಈ ಪಟ್ಟಗಳಲ್ಲೇ ತೀರ್ಮಾನ ಆಗಿಹೋಗಿರುತ್ತೆ.

ಕೆಳಗಿನಿಂದ ಬಂದು ಆಧುನಿಕ ಕಲೆಯ ನಡುಮನೆಯಲ್ಲೇ ನಿಂತ ಒಬ್ಬರು ರಾಮಕಿಂಕರ್ ಬೈಜ್. 1906ರಲ್ಲಿ ಬಾಂಕುರಾದ ಕ್ಷೌರಿಕರ ಮನೆಯಲ್ಲಿ ಹುಟ್ಟಿದವರು. ಕ್ಷಾಮಕ್ಕೆ ಐದು ವರ್ಷ ಮುಂಚೆ, 1938ರಲ್ಲಿ, ಶಾಂತಿನಿಕೇತನದ ಬಯಲಿನಲ್ಲಿ ಸಿಮೆಂಟು, ಕೆಂಪು ಜಂಬಿಟ್ಟಿಗೆಯ ಜಲ್ಲಿ ಕಲಸಿ 'ಸಂತಾಲ ಕುಟುಂಬ' ಅನ್ನೋ ವಿಗ್ರಹ ಮಾಡಿದರು. ಗಂಡ, ಹೆಂಡತಿ, ಮಕ್ಕಳು, ನಾಯಿ, ಅಡ್ಡೆಗೆ ಕಟ್ಟಿದ ಸಾಮಾನು. ಕೂಲಿ ಹುಡುಕಿಕೊಂಡು ಹೊರಟ ಜನ. ಬಡವರೇ, ಹಸಿವೂ ಇರಬಹುದು. ಆದರೆ ಅವರು ನಡೀತಿದ್ದಾರೆ. ನಮ್ಮ ಮುಂದೆ ಕೂತಿಲ್ಲ, ಬಿದ್ದಿಲ್ಲ, ನಮ್ಮನ್ನ ನೋಡ್ತಲೂ ಇಲ್ಲ. ನಮ್ಮ ಕನಿಕರಕ್ಕೆ ನಿಲ್ಲೋ ಪುರಸೊತ್ತು ಅವರಿಗಿಲ್ಲ. ಗಾತ್ರದಲ್ಲೂ ಆಳಿಗಿಂತ ದೊಡ್ಡವರು, ತಲೆಯೆತ್ತಿಯೇ ನೋಡಬೇಕು. ಕಂಚಿಗೆ ಬದಲು ರಸ್ತೆ ಕೆಲಸದ ಜಲ್ಲಿ, ಗ್ಯಾಲರಿಗೆ ಬದಲು ಮಳೆ ಬಿಸಿಲು ಬೀಳೋ ಬಯಲು. ಅದೇ ದಾರಿಯಲ್ಲಿ ಹೋಗೋ ಸಂತಾಲರು ಅದನ್ನ ಟಿಕೆಟ್ಟಿಲ್ಲದೆ ನೋಡಬಹುದು.

ಕ್ಷಾಮವನ್ನ ಇಂಥ ಕಣ್ಣಿನಿಂದ ನೋಡಿದ್ದರೆ ಏನಾಗ್ತಿತ್ತು ಅಂತ ನಾವು ಕೇಳಿಕೊಳ್ತೇವೆ. ಬಿದ್ದವರನ್ನ ನಡೆಸೋದು ಸುಳ್ಳಾಗ್ತಿತ್ತೋ ಏನೋ. ಹಸಿವು ಬಂದಾಗ ಹಸಿವನ್ನೇ ಬರೆಯಬೇಕು, ಮುಚ್ಚಿಡೋದು ಸರ್ಕಾರದ ಕೆಲಸ, ಚಿತ್ರಗಾರನದಲ್ಲ. 1943ರ ಆಗಸ್ಟ್ 22ರಂದು ಕಲ್ಕತ್ತಾದ ಸ್ಟೇಟ್ಸ್‌ಮನ್ ಪತ್ರಿಕೆ ಬೀದಿಯಲ್ಲಿ ಬಿದ್ದವರ ಫೋಟೋ ಅಚ್ಚು ಹಾಕೋವರೆಗೂ ದೆಹಲಿ, ಲಂಡನ್ನುಗಳ ದೊಡ್ಡವರು ಇಂಥದ್ದೊಂದು ನಡೀತಿದೆ ಅಂತ ಒಪ್ಪಿಕೊಳ್ಳಲೇ ತಯಾರಿರಲಿಲ್ಲ.

ಅದೇ ಸರ್ಕಾರ ಚಿತ್ತಪ್ರಸಾದರ ಪುಸ್ತಕಕ್ಕೆ ಏನು ಮಾಡಿತು ಅನ್ನೋದು ಈ ಎಲ್ಲ ವಾದಗಳ ನಡುವೆ ಮರೆತುಹೋಗಬಾರದು. 'ಹಂಗ್ರಿ ಬೆಂಗಾಲ್' ಪುಸ್ತಕದ 5,000 ಪ್ರತಿಗಳನ್ನ ಹಿಡಿದು ಸುಟ್ಟುಹಾಕಿತು. ಪ್ರಚಾರ ಅಂತ ನಮ್ಮ ವಿದ್ವಾಂಸರು ಮೂಗು ಮುರಿಯೋ ಆ ಗೆರೆಗಳಿಗೆ, ಆ ಹೆಸರುಗಳಿಗೆ ಬಂದೂಕು ಹಿಡಿದ ಸರ್ಕಾರ ಅಷ್ಟು ಹೆದರಿತ್ತು. ಚಿತ್ರಗಾರನ ಮನೆಯವರ ಹತ್ತಿರ ಒಂದು ಪ್ರತಿ ಉಳೀತು. 2011ರಲ್ಲಿ ದೆಹಲಿಯ ಒಂದು ಗ್ಯಾಲರಿ ಅದನ್ನ ಇದ್ದ ಹಾಗೇ ಮತ್ತೆ ಅಚ್ಚು ಮಾಡಿಸಿತು, ದಪ್ಪ ಸಂಪುಟಗಳ ಜೊತೆಗೆ. ಕೊಂಡು ಓದೋರು ಕಲೆ ಕೂಡಿಡೋ ಶ್ರೀಮಂತರು. ಮಿಡ್ನಾಪುರದ ಆ ಊರುಗಳಿಗೆ ಅದು ಹೋಯಿತೇ, ಹೋಗಿ ಅಲ್ಲಿ ಯಾರಾದರೂ ಬೆರಳಿಟ್ಟು ತಮ್ಮ ಅಜ್ಜಿಯ ಹೆಸರು ಓದಿದರೇ ಅಂತ ಕೇಳೋ ವಿಮರ್ಶೆ ನಮಗಿನ್ನೂ ಕಂಡಿಲ್ಲ.